ಮದೀನೆಯಿಂದ ಎಣಿಸಿದ ವರ್ಷಗಳು: ಕಲಬುರಗಿ ಸೀಮೆಯಲ್ಲಿ ಹಿಜರಿ ಶಕೆ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನವು ಕಟ್ಟಡವನ್ನು ನಿರ್ಮಿಸಿದವನು ಶಮ್ಸನ ಮಗ ರಫಿ ಎಂದೂ, ಅವನ ಮನೆತನದ ಮೂಲ ಇರಾನಿನ ಕಜ್ವೀನ್ ಪಟ್ಟಣವೆಂದೂ, ಕಾಲ 769 ಎಂದೂ ದಾಖಲಿಸುತ್ತದೆ. ಇದು ಕ್ರಿಸ್ತಶಕದ ಲೆಕ್ಕವಲ್ಲ, ಶಾಲಿವಾಹನ ಶಕೆಯೂ ಅಲ್ಲ. ಕ್ರಿ.ಶ. 1367ರಲ್ಲಿ ಆರಂಭವಾದ ಆ ವರ್ಷವನ್ನು ಅಂದಿನ ಕನ್ನಡ ಶಾಸನಕಾರನು ಶಕ 1289, ಪ್ಲವಂಗ ಸಂವತ್ಸರ ಎಂದು ಬರೆಯುತ್ತಿದ್ದನು. ರಫಿಯ ಕಲ್ಲು ಮಾತ್ರ ಅರಬಸ್ತಾನದ ಮರುಭೂಮಿಯಲ್ಲಿ ಒಬ್ಬ ವ್ಯಕ್ತಿ ತಾನು ಹುಟ್ಟಿದ ಊರನ್ನು ಬಿಟ್ಟು ಮತ್ತೊಂದು ಊರನ್ನು ಸೇರಿದ ಘಟನೆಯಿಂದ ಕಾಲವನ್ನು ಎಣಿಸುತ್ತದೆ. ಆ ವ್ಯಕ್ತಿ ಪ್ರವಾದಿ ಮುಹಮ್ಮದರು. ಊರು ಬಿಟ್ಟು ಹೋದ ಆ ಘಟನೆಗೆ ಅರಬ್ಬಿಯಲ್ಲಿ ‘ಹಿಜರತ್’ ಎಂಬ ಹೆಸರಿದ್ದು, ಅದರಿಂದ ಬಂದ ಕಾಲಗಣನೆಯೇ ‘ಹಿಜರಿ’. ಪ್ರವಾದಿಯವರ ಜೀವನವು ಕಲಬುರಗಿ ಸೀಮೆಗೆ ಗ್ರಂಥಗಳ ಮೂಲಕ ಬಂದಿತೆಂಬುದು ನಿಜವಾದರೂ, ಅಕ್ಷರ ಬಲ್ಲವರಿಗೂ ಬಾರದವರಿಗೂ ಸಮಾನವಾಗಿ ಅದು ತಲುಪಿದ್ದು ಈ ಕಾಲಗಣನೆಯ ಮೂಲಕ, ಅಂದರೆ ಉರುಸು, ಮೊಹರಂ, ಕಂದಾಯದ ವರ್ಷಗಳ ಮೂಲಕ ಎಂಬುದನ್ನು ಇತಿಹಾಸಕಾರರು ಗಮನಿಸಿದ್ದು ಕಡಿಮೆ.

ಮುಹಮ್ಮದರು ಸುಮಾರು ಕ್ರಿ.ಶ. 570ರಲ್ಲಿ ಮೆಕ್ಕಾ ನಗರದ ಕುರೈಶ್ ಬುಡಕಟ್ಟಿನಲ್ಲಿ ಜನಿಸಿದರು. ತಂದೆ ಅಬ್ದುಲ್ಲಾ ಅವರು ಮಗು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಆರನೆಯ ವಯಸ್ಸಿನಲ್ಲಿ ತಾಯಿ ಆಮಿನಾ ಅವರೂ ಇಲ್ಲವಾದ ಮೇಲೆ ಅಜ್ಜ ಅಬ್ದುಲ್ ಮುತ್ತಲಿಬ್, ಅನಂತರ ದೊಡ್ಡಪ್ಪ ಅಬೂ ತಾಲಿಬ್ ಅವರನ್ನು ಸಾಕಿದರು. ಬೆಳೆದು ವ್ಯಾಪಾರದಲ್ಲಿ ತೊಡಗಿ, ನಂಬಿಗಸ್ತರೆಂಬ ಹೆಸರು ಪಡೆದು, ಸ್ವತಃ ವ್ಯಾಪಾರ ನಡೆಸುತ್ತಿದ್ದ ಖದೀಜಾ ಎಂಬ ವಿಧವೆಯನ್ನು ಮದುವೆಯಾದ ಅವರಿಗೆ 610ರಲ್ಲಿ, ಮೆಕ್ಕಾದ ಹೊರಗಿನ ಹಿರಾ ಗುಹೆಯಲ್ಲಿ ಧ್ಯಾನದಲ್ಲಿದ್ದಾಗ, ಜಿಬ್ರೀಲ್ ಎಂಬ ದೇವದೂತನ ಮೂಲಕ ಮೊದಲ ದೈವವಾಣಿ ದೊರೆಯಿತೆಂಬುದು ಇಸ್ಲಾಮಿನ ನಂಬಿಕೆ. ದೇವರು ಒಬ್ಬನೇ ಎಂಬುದು, ಅನಾಥರ ಮತ್ತು ಬಡವರ ಹಕ್ಕನ್ನು ಕಸಿಯಬಾರದೆಂಬುದು, ಸತ್ತ ಮೇಲೆ ಪ್ರತಿಯೊಬ್ಬನೂ ತನ್ನ ಕೃತ್ಯಗಳಿಗೆ ಉತ್ತರ ಹೇಳಬೇಕೆಂಬುದು ಅವರ ಬೋಧನೆಯ ತಿರುಳಾಗಿತ್ತು. ಕಾಬಾದ ಯಾತ್ರೆಯಿಂದಲೂ ವ್ಯಾಪಾರದಿಂದಲೂ ಬದುಕುತ್ತಿದ್ದ ಮೆಕ್ಕಾದ ಪ್ರಮುಖರಿಗೆ ಇದು ಸಹಿಸಲಾಗದ ಮಾತಾಯಿತು. ಮೊದಲ ಅನುಯಾಯಿಗಳಲ್ಲಿ ಬಿಲಾಲರಂಥ ಆಫ್ರಿಕಾ ಮೂಲದ ಗುಲಾಮರೂ ಇದ್ದುದರಿಂದ ಅವರ ಮೇಲಿನ ಹಿಂಸೆಗೆ ಮಿತಿಯಿರಲಿಲ್ಲ. ಕೆಲವರು 615ರ ಸುಮಾರಿಗೆ ಕೆಂಪು ಸಮುದ್ರವನ್ನು ದಾಟಿ ಅಬಿಸೀನಿಯಾದ ಕ್ರೈಸ್ತ ಅರಸನ ಆಶ್ರಯ ಪಡೆದರು; 619ರಲ್ಲಿ ಖದೀಜಾ ಅವರೂ ಅಬೂ ತಾಲಿಬರೂ ತೀರಿಕೊಂಡ ಮೇಲೆ ಪ್ರವಾದಿಯವರಿಗೆ ಮನೆಯ ಆಸರೆಯೂ ಕುಲದ ರಕ್ಷಣೆಯೂ ಒಟ್ಟಿಗೆ ತಪ್ಪಿದವು.

ಆ ಹೊತ್ತಿನಲ್ಲಿ, ಮೆಕ್ಕಾದ ಉತ್ತರಕ್ಕಿದ್ದ ಖರ್ಜೂರ ತೋಟಗಳ ಊರಾದ ಯಸ್ರಿಬಿನ ಜನ, ತಮ್ಮ ಬುಡಕಟ್ಟುಗಳ ಹಳೆಯ ಕಲಹವನ್ನು ಬಗೆಹರಿಸಬಲ್ಲ ಪಂಚರಾಗಿ ಅವರನ್ನು ಕರೆದರು. ಮೆಕ್ಕಾದ ಪ್ರಮುಖರು ಅವರನ್ನು ಕೊಲ್ಲಲು ನಿಶ್ಚಯಿಸಿದ್ದ ರಾತ್ರಿ ದೊಡ್ಡಪ್ಪನ ಮಗ ಅಲಿ ಅವರ ಹಾಸಿಗೆಯಲ್ಲಿ ಮಲಗಿದರೆಂದೂ, ಪ್ರವಾದಿಯವರು ಗೆಳೆಯ ಅಬೂಬಕರರೊಡನೆ ಸೌರ್ ಎಂಬ ಗುಹೆಯಲ್ಲಿ ಮೂರು ದಿನ ಅಡಗಿದ್ದು ಮುಂದೆ ಸಾಗಿದರೆಂದೂ ಸಾಂಪ್ರದಾಯಿಕ ಚರಿತ್ರೆಗಳು ಹೇಳುತ್ತವೆ. 622ರ ಸೆಪ್ಟೆಂಬರಿನಲ್ಲಿ ಅವರು ತಲುಪಿದ ಯಸ್ರಿಬ್ ಮುಂದೆ ‘ಪ್ರವಾದಿಯ ನಗರ’ ಎಂಬ ಅರ್ಥದಲ್ಲಿ ಮದೀನಾ ಎನಿಸಿಕೊಂಡಿತು. ಅಲ್ಲಿ ಖರ್ಜೂರದ ಕಾಂಡಗಳನ್ನು ಕಂಬವಾಗಿಸಿ, ಗರಿಗಳನ್ನು ಹೊದಿಸಿ ಮಸೀದಿಯನ್ನು ಕಟ್ಟಲಾಯಿತು. ಪ್ರಾರ್ಥನೆಗೆ ಕರೆಯುವ ಬಾಂಗನ್ನು ಮೊದಲು ಕೂಗಿದವರು ಬಿಲಾಲರು. ಊರು ಬಿಟ್ಟು ಬಂದವರನ್ನೂ ಊರಿನವರನ್ನೂ, ಅವರೊಡನೆ ಯಹೂದಿ ಕುಲಗಳನ್ನೂ ಒಂದು ಸಮುದಾಯವಾಗಿ ಗುರುತಿಸಿ, ಅವರವರ ಧರ್ಮ ಅವರವರಿಗೆ ಎಂದು ಒಪ್ಪಿದ ಕರಾರು ಪತ್ರವೂ ಮದೀನೆಯ ಮೊದಲ ವರ್ಷಗಳದೇ. ಆ ಮೇಲಿನ ಬದ್ರ್, ಉಹುದ್, ಕಂದಕದ ಕಾಳಗಗಳು, 630ರಲ್ಲಿ ಹೆಚ್ಚು ರಕ್ತಪಾತವಿಲ್ಲದೆ ಮೆಕ್ಕಾ ವಶವಾದದ್ದು, 632ರಲ್ಲಿ ಪ್ರವಾದಿಯವರ ಕೊನೆಯ ಹಜ್ ಮತ್ತು ಅದೇ ವರ್ಷದ ಜೂನ್ ತಿಂಗಳಲ್ಲಿ ಅವರ ನಿಧನ ಇವೆಲ್ಲ ಎಲ್ಲ ಚರಿತ್ರೆಗಳಲ್ಲಿಯೂ ಇರುವ ಸಂಗತಿಗಳು.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಎರಡನೆಯ ಖಲೀಫ (ಪ್ರವಾದಿಯವರ ಉತ್ತರಾಧಿಕಾರಿ) ಉಮರರು 638ರ ಸುಮಾರಿಗೆ ಕೈಗೊಂಡ ಒಂದು ತೀರ್ಮಾನ. ರಾಜ್ಯ ವಿಸ್ತರಿಸಿದಂತೆ ಇಸವಿಯಿಲ್ಲದ ಓಲೆಗಳು ಗೊಂದಲ ಉಂಟುಮಾಡುತ್ತಿದ್ದುದರಿಂದ ಒಂದು ಶಕೆಯನ್ನು ಗೊತ್ತುಮಾಡಬೇಕಾಯಿತು. ಪ್ರವಾದಿಯವರ ಜನನದಿಂದ ಅಥವಾ ಮೊದಲ ದೈವವಾಣಿಯಿಂದ ಎಣಿಸುವ ಸೂಚನೆಗಳಿದ್ದರೂ ಉಮರರು ಆಯ್ದುಕೊಂಡದ್ದು ಹಿಜರತ್ತನ್ನು. ಅರಸರ ಪಟ್ಟಾಭಿಷೇಕದಿಂದಲೋ ಗೆಲುವಿನಿಂದಲೋ ಶಕೆಗಳು ಆರಂಭವಾಗುವುದು ರೂಢಿಯಾಗಿರುವಾಗ, ಆಶ್ರಯ ಬೇಡಿ ಹೋದ ಒಂದು ಪಯಣದಿಂದ ಆರಂಭವಾಗುವ ಈ ಶಕೆಯ ಘನತೆ ಬೇರೆಯೇ ಬಗೆಯದು. ವರ್ಷದ ಮೊದಲ ತಿಂಗಳು ಮೊಹರಂ ಆದುದರಿಂದ ಲೆಕ್ಕವು ಪಯಣಕ್ಕಿಂತ ಎರಡು ತಿಂಗಳು ಹಿಂದಕ್ಕೆ, 622ರ ಜುಲೈ 16ಕ್ಕೆ ಸರಿಯಿತು. ಕೊನೆಯ ಹಜ್ಜಿನ ವೇಳೆಗೆ ಅಧಿಕಮಾಸವನ್ನು ಸೇರಿಸುವ ಹಳೆಯ ಪದ್ಧತಿಯನ್ನು ನಿಷೇಧಿಸಿದ್ದರಿಂದ ಹಿಜರಿ ವರ್ಷವು ಶುದ್ಧ ಚಾಂದ್ರಮಾನದ್ದಾಗಿ, 354 ಅಥವಾ 355 ದಿನಗಳಲ್ಲಿ ಮುಗಿಯುತ್ತದೆ. ಜಾಮಿ ಮಸೀದಿಯ 769 ಎಂಬ ಸಂಖ್ಯೆಯ ಗುಟ್ಟೂ ಇದೇ: 622ರಿಂದ 1367ರವರೆಗೆ ಸೂರ್ಯನ ಲೆಕ್ಕದಲ್ಲಿ 745 ವರ್ಷ ಕಳೆದಿದ್ದರೆ ಚಂದ್ರನ ಲೆಕ್ಕದಲ್ಲಿ 768 ವರ್ಷ ಕಳೆದಿದ್ದವು.

ಈ ಸೀಮೆಗೆ ಪ್ರವಾದಿಯವರ ಹೆಸರಿನ ಪರಿಚಯವಾದದ್ದು ಮಾತ್ರ, ಮುಂದೆ ಕಲಬುರಗಿಯನ್ನು ಆಳಿದ ಬಹಮನಿ ಸುಲ್ತಾನರಿಗಿಂತ ನಾಲ್ಕು ಶತಮಾನ ಮೊದಲೇ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡವು ಮಾನ್ಯಖೇಟವಾಗಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಅರಬ್ ವರ್ತಕರು ಅವರ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ನೆಲೆಸಿದ್ದರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 851ರಲ್ಲಿ, ವರ್ತಕ ಸುಲೈಮಾನನ ಹೆಸರಿನಲ್ಲಿರುವ ಅರಬ್ಬಿ ವೃತ್ತಾಂತವು ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ ಇವರೊಡನೆ ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ‘ಬಲ್ಹರಾ’ನನ್ನು ಎಣಿಸಿದೆ, ಇದು ರಾಷ್ಟ್ರಕೂಟರ ‘ವಲ್ಲಭರಾಜ’ ಬಿರುದಿನ ಅರಬ್ಬಿ ರೂಪ. ಹತ್ತನೆಯ ಶತಮಾನದ ಅರಬ್ ಲೇಖಕ ಮಸೂದಿಯು ‘ಮಾನ್ಕೀರ್’ ಎಂದು ಮಾನ್ಯಖೇಟವನ್ನೇ ಹೆಸರಿಸಿ, ಈ ಅರಸನಷ್ಟು ಮುಸಲ್ಮಾನರನ್ನು ಗೌರವಿಸುವವರು ಬೇರೆ ಇಲ್ಲವೆಂಬ ಅಭಿಪ್ರಾಯವನ್ನು ದಾಖಲಿಸಿದ್ದಾನೆ. ಈ ಮಾತಿಗೆ ರಾಷ್ಟ್ರಕೂಟರ ಕಡೆಯಿಂದಲೇ ಸಾಕ್ಷಿಯೂ ಇದೆ. ಇಂದಿನ ಮಹಾರಾಷ್ಟ್ರದ ಕರಾವಳಿಯ ಚಿಂಚಣಿಯಲ್ಲಿ ದೊರೆತ, ಮೂರನೆಯ ಇಂದ್ರನ ಕಾಲದ ಶಕ 848ರ (ಕ್ರಿ.ಶ. 926) ಸಂಸ್ಕೃತ ತಾಮ್ರಪಟವು ಸಂಜಾನ ಪ್ರಾಂತವನ್ನು ಆಳುತ್ತಿದ್ದ ಅಧಿಕಾರಿಯನ್ನು ‘ತಾಜಿಕ’, ಅಂದರೆ ಅರಬ ಎಂದೂ, ‘ಮಧುಮತಿ’ ಎಂದೂ ಕರೆಯುತ್ತದೆ. ವಿದ್ವಾಂಸರು ಒಪ್ಪುವಂತೆ ‘ಮಧುಮತಿ’ ಎಂಬುದು ‘ಮುಹಮ್ಮದ್’ ಎಂಬ ಹೆಸರಿನ ಸಂಸ್ಕೃತ ರೂಪ. ದೇವಿಯ ಮಠಿಕೆಯೊಂದಕ್ಕೆ ದತ್ತಿ ಬಿಟ್ಟ ಸಂಗತಿಯನ್ನು ಈ ಪಟ ಹೇಳುತ್ತದೆ. ಪ್ರವಾದಿಯವರ ಹೆಸರನ್ನು ಹೊತ್ತ ಅಧಿಕಾರಿಯೊಬ್ಬನು ಮಾನ್ಯಖೇಟದ ಅರಸನ ಒಪ್ಪಿಗೆಯೊಡನೆ ಅದನ್ನು ನೆರವೇರಿಸಿದ್ದು ಕನ್ನಡ ನಾಡಿನ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಸ್ಥಾನ ಪಡೆಯಬೇಕಾದ ಘಟನೆ. ಆದರೆ ಆ ಪಟದ ಎಣಿಕೆ ಶಕೆಯದೇ ಆಗಿತ್ತು.

ಹಿಜರಿ ಎಣಿಕೆಯು ರಾಜ್ಯದ ಎಣಿಕೆಯಾದದ್ದು 1347ರ ಆಗಸ್ಟಿನಲ್ಲಿ, ದೆಹಲಿಯ ತುಘಲಕರ ವಿರುದ್ಧ ಬಂಡೆದ್ದ ಸರದಾರರು ದೌಲತಾಬಾದಿನಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನನ್ನು ಸಿಂಹಾಸನಕ್ಕೇರಿಸಿ, ಅವನು ಅಹ್ಸನಾಬಾದ್ ಎಂಬ ಹೆಸರಿನಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ. ದೆಹಲಿಯಿಂದ ಬೇರ್ಪಟ್ಟ ಈ ಹೊಸ ರಾಜ್ಯಕ್ಕೆ ತನ್ನ ಅಧಿಕಾರ ಎಲ್ಲಿಂದ ಬಂತೆಂದು ತೋರಿಸಬೇಕಾದ ಅಗತ್ಯವಿತ್ತು. ಬಾಗ್ದಾದ್ 1258ರಲ್ಲಿ ಮಂಗೋಲರ ವಶವಾದ ಮೇಲೆ, ಪ್ರವಾದಿಯವರ ಚಿಕ್ಕಪ್ಪ ಅಬ್ಬಾಸರ ವಂಶದ ಖಲೀಫರು ಈಜಿಪ್ಟಿನ ಕೈರೋದಲ್ಲಿ ಹೆಸರಿಗೆ ಮಾತ್ರ ಉಳಿದಿದ್ದರು. ಎರಡನೆಯ ಸುಲ್ತಾನನಾದ ಒಂದನೆಯ ಮುಹಮ್ಮದ್ ಶಾಹನ (1358-1375) ತಾಯಿ 1360ರ ಸುಮಾರಿಗೆ ಹಜ್ ಯಾತ್ರೆ ಕೈಗೊಂಡು, ಮಗನ ಹೆಸರಿನಲ್ಲಿ ನಾಣ್ಯ ಟಂಕಿಸಲು ಮತ್ತು ಖುತ್ಬಾ (ಶುಕ್ರವಾರದ ಪ್ರಾರ್ಥನೆಗೆ ಮೊದಲು ನೀಡುವ, ಅರಸನ ಹೆಸರನ್ನೂ ಹೇಳುವ ಪ್ರವಚನ) ಓದಿಸಲು ಆ ಖಲೀಫರ ಅನುಮತಿ ದೊರಕಿಸಿದಳೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ತಾಯಿಯ ಯಾತ್ರೆಯು ಮಗನ ರಾಜ್ಯಕ್ಕೆ ಮದೀನೆಯವರೆಗೂ ಹೋಗುವ ಒಂದು ನಂಟನ್ನು ಕಟ್ಟಿತು.

ಆ ಸುಲ್ತಾನನ ಕಾಲದ್ದೇ ಆದ ಜಾಮಿ ಮಸೀದಿಯು ಭಾರತದ ದೊಡ್ಡ ಮಸೀದಿಗಳಲ್ಲಿ ಒಂದು ವಿಶೇಷವನ್ನು ಹೊಂದಿದೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಈ ಕಟ್ಟಡದಲ್ಲಿ ತೆರೆದ ಅಂಗಳವಿಲ್ಲ, ಮಿನಾರುಗಳೂ ಇಲ್ಲ. ಇಡೀ ನೆಲಕ್ಕೆ ಮಾಡು ಹೊದಿಸಲಾಗಿದೆ. ಹೊರಸುತ್ತಿನ ಪಡಸಾಲೆಗಳ ಕಮಾನುಗಳು ಮೊಣಕಾಲೆತ್ತರದ ಗಿಡ್ಡ ಪಾದಗಳಿಂದಲೇ ಎದ್ದಂತೆ ಅಗಲವಾಗಿ ಹರಡಿವೆ. ಅದರೊಳಗೆ ಚೌಕದ ಕಂಬಗಳು, ಒಂದೊಂದು ಅಂಕಣದ ಮೇಲೆ ಒಂದೊಂದು ಚಿಕ್ಕ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ನಡುಗಾತ್ರದವು, ಪಶ್ಚಿಮದಲ್ಲಿ ಮಿಹ್ರಾಬಿನ (ಮೆಕ್ಕಾದ ದಿಕ್ಕನ್ನು ತೋರುವ ಗೂಡು) ಮುಂದೆ ಎತ್ತರದ ದೊಡ್ಡ ಗುಮ್ಮಟ ಇವೆ. ಸುಣ್ಣ ಬಳಿದ ಆ ಕಮಾನುಗಳ ನಡುವೆ ನಿಂತವರಿಗೆ ಒಂದು ಸಾಲಿನ ಹಿಂದೆ ಇನ್ನೊಂದು ಸಾಲು ಕಾಣುತ್ತಾ, ಬಿಸಿಲು ಬದಿಗಳಿಂದ ಮಾತ್ರ ಒಳಬರುತ್ತದೆ. ಇದು ಮದೀನೆಯ ಖರ್ಜೂರದ ಮಾಡಿನ ಅನುಕರಣೆ ಎನ್ನಲಾಗದು. ಕಜ್ವೀನದ ಕುಶಲತೆಯೂ ದಖನ್ನಿನ ಕಲ್ಲು ಗಾರೆಯೂ ಸೇರಿದ ಸ್ವತಂತ್ರ ಸೃಷ್ಟಿ ಇದು. ಆದರೂ ಕಂಬಗಳ ಸಾಲಿನ ಮೇಲೆ ನೆರಳನ್ನು ಹಾಸಿ, ಅದರಡಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವಂತೆ ಮಾಡುವ ಆ ಮೊದಲ ಮಸೀದಿಯ ಸರಳ ಉದ್ದೇಶ ಇಲ್ಲಿ ಕಲ್ಲಿನಲ್ಲಿ ಮರಳಿ ಕಾಣಿಸುತ್ತದೆ.

ಅರಸರ ನಂಟಿಗಿಂತ ಗಟ್ಟಿಯಾದ ನಂಟು ಸೂಫಿಗಳ ಮೂಲಕ ಬಂತು. ಇಂದಿಗೂ ಶೇಖ್ ರೋಜಾ ಎಂಬ ಬಡಾವಣೆಗೆ ಹೆಸರಾಗಿರುವ ಶೇಖ್ ಸಿರಾಜುದ್ದೀನ್ ಜುನೈದಿ ಅವರು ಮೊದಲ ಸುಲ್ತಾನರಿಗೆ ಗುರುಸ್ಥಾನದಲ್ಲಿದ್ದರು. ಅವರ ಅನಂತರ ಬಂದ ಸೈಯದ್ ಮುಹಮ್ಮದ್ ಹುಸೇನಿ, ಅಂದರೆ ಗೇಸುದರಾಜ್ (ನೀಳಗೂದಲಿನವರು) ಎಂಬ ಬಿರುದಿನ ಖಾಜಾ ಬಂದಾನವಾಜ್ ಅವರು 1321ರಲ್ಲಿ ದೆಹಲಿಯಲ್ಲಿ ಜನಿಸಿ, ಮುಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ಬದಲಿಸಿದಾಗ ಬಾಲಕನಾಗಿ ದೌಲತಾಬಾದಿಗೆ ಬಂದು, ಮತ್ತೆ ದೆಹಲಿಗೆ ಮರಳಿ, ಚಿಸ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್-ಎ-ದೆಹಲಿ ಅವರ ಶಿಷ್ಯರಾದರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ, ಎಪ್ಪತ್ತೇಳರ ಇಳಿವಯಸ್ಸಿನಲ್ಲಿ, ಅವರು ದೆಹಲಿಯನ್ನು ಬಿಟ್ಟು ಗುಜರಾತಿನ ಮಾರ್ಗವಾಗಿ 1400ರ ಸುಮಾರಿಗೆ ಕಲಬುರಗಿಯನ್ನು ಸೇರಿದರು. ಹುಟ್ಟಿದ ಊರಿನಿಂದ ಆಪತ್ತಿನಲ್ಲಿ ಹೊರಟು, ಕರೆದು ಆದರಿಸಿದ ಊರಿನಲ್ಲಿ ಮಣ್ಣಾದ ಈ ಬಾಳಿನಲ್ಲಿ ಹಿಜರತ್ತಿನ ನೆನಪು ಅವರ ಶಿಷ್ಯರಿಗೆ ಆಗಿರದಿದ್ದರೆ ಅದೇ ಆಶ್ಚರ್ಯ.

ಬಂದಾನವಾಜರಲ್ಲಿ ಎರಡು ಸರಪಣಿಗಳು ಕೂಡುತ್ತವೆ. ಒಂದು ರಕ್ತದ್ದು, ‘ಸೈಯದ್’ ಎಂದರೆ ಪ್ರವಾದಿಯವರ ಮಗಳು ಫಾತಿಮಾ ಮತ್ತು ಅಳಿಯ ಅಲಿ ಅವರ ಸಂತತಿ, ‘ಹುಸೇನಿ’ ಎಂದರೆ ಅವರ ಮಗ ಹುಸೇನರ ಶಾಖೆ. ಇನ್ನೊಂದು ಗುರುಪರಂಪರೆಯದು, ‘ಸಿಲ್‌ಸಿಲಾ’ ಎನ್ನುವ ಇದು ಚಿರಾಗ್-ಎ-ದೆಹಲಿ, ನಿಜಾಮುದ್ದೀನ್ ಔಲಿಯಾ, ಬಾಬಾ ಫರೀದ್, ಬಖ್ತಿಯಾರ್ ಕಾಕಿ, ಅಜ್ಮೀರದ ಮುಯಿನುದ್ದೀನ್ ಚಿಸ್ತಿ ಇವರ ಮೂಲಕ ಹಿಂದೆ ಸಾಗಿ, ಎಂಟನೆಯ ಶತಮಾನದ ಹಸನ್ ಬಸ್ರಿ ಅವರನ್ನು ಮುಟ್ಟಿ, ಅಲ್ಲಿಂದ ಅಲಿ ಅವರನ್ನೂ ಪ್ರವಾದಿಯವರನ್ನೂ ತಲುಪುತ್ತದೆ. ಹಿಜರತ್ತಿನ ರಾತ್ರಿ ಆ ಹಾಸಿಗೆಯಲ್ಲಿ ಮಲಗಿದ ಅಲಿ ಅವರಲ್ಲಿ ಎರಡೂ ಸರಪಣಿಗಳು ಸೇರುತ್ತವೆ. ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ಅರಿವಿನ ಕಲ್ಪನೆಯು ಶರಣರ ನಾಡಿನವರಿಗೆ ಹೊಸತಲ್ಲದ್ದರಿಂದ ಇಲ್ಲಿನ ಜನ ಇದನ್ನು ಬೇಗ ಗ್ರಹಿಸಿದರೆಂದು ಹೇಳಬಹುದು. ಪ್ರವಾದಿಯವರ ಆಕಾಶಯಾನವಾದ ‘ಮಿರಾಜ್’ ಅನ್ನು ಹೆಸರಿನಲ್ಲಿಯೇ ಇಟ್ಟುಕೊಂಡ ‘ಮಿರಾಜುಲ್ ಆಶಿಕೀನ್’ ಎಂಬ ದಖನಿ ಕೃತಿಯನ್ನು ಬಂದಾನವಾಜರದ್ದೆಂದು ಬಹುಕಾಲ ನಂಬಲಾಗಿತ್ತು. ಅದು ತಡವಾದ ಕಾಲದ್ದೆಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ.

ಅವರು ಹಿಜರಿ 825ರ ಜುಲ್‌ಕಾದಾ ತಿಂಗಳ 16ರಂದು, ಅಂದರೆ 1422ರ ನವೆಂಬರ್ 1ರಂದು, ನೂರನ್ನು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸೂಫಿಗಳು ಸಾವನ್ನು ದೇವರೊಡನೆ ಕೂಡುವ ಮದುವೆಯೆಂದು ತಿಳಿಯುವುದರಿಂದ ಆ ದಿನವು ‘ಉರುಸು’ (ಅರಬ್ಬಿಯಲ್ಲಿ ಮದುವೆ) ಆಗುತ್ತದೆ. ತೀರಿಕೊಂಡದ್ದು ಚಳಿಗಾಲದ ಆರಂಭದಲ್ಲಾದರೂ 2025ರಲ್ಲಿ ಉರುಸು ಬಂದದ್ದು ಮೇ ತಿಂಗಳ ಸುಡುಬಿಸಿಲಿನಲ್ಲಿ. ಸೂರ್ಯನ ಲೆಕ್ಕದಲ್ಲಿ 603 ವರ್ಷ ತುಂಬುವ ಮೊದಲೇ ಹಿಜರಿಯಲ್ಲಿ 621 ವರ್ಷ ಕಳೆದಿದ್ದವು. ಅದೇ ನಗರದ ಶರಣಬಸವೇಶ್ವರರ ಜಾತ್ರೆಯು ಹೋಳಿಹುಣ್ಣಿಮೆಯ ಬೆನ್ನಿಗೇ ಬಂದು ಪ್ರತಿವರ್ಷ ಬೇಸಿಗೆಯ ಬಾಗಿಲಿನಲ್ಲಿಯೇ ನಿಲ್ಲುತ್ತದೆ. ಒಂದು ಜಾತ್ರೆ ಋತುವಿಗೆ ಕಟ್ಟಿಕೊಂಡು ನಿಂತರೆ ಇನ್ನೊಂದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕಲಬುರಗಿಯ ಹೂವು, ಬಳೆ, ಮಿಠಾಯಿಯ ವ್ಯಾಪಾರಿಗಳು ಎರಡೂ ಲೆಕ್ಕಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಸರಕು ತರಿಸುತ್ತಾರೆ.

ಬಂದಾನವಾಜರ ಆಶೀರ್ವಾದದಿಂದ ರಾಜ್ಯ ಪಡೆದನೆಂದು ಪ್ರತೀತಿಯಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹನು ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ, ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಏರುವ ಹಾದಿಯ ಮಹತ್ವ ಹೆಚ್ಚಿತು. ಈ ಹಾದಿಯಲ್ಲಿ, ಕಲಬುರಗಿಯಿಂದ ಸುಮಾರು 35 ಕಿಲೋಮೀಟರಿಗೆ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರವಿದೆ. ಕೆಂಪು ಬಾಳೆಹಣ್ಣಿಗಾಗಿ ನಾಡಿನಲ್ಲೆಲ್ಲ ಹೆಸರಾದ ಈ ಊರಿನ ಆಸುಪಾಸಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿ ಕಟ್ಟಡಗಳ ಸಮುಚ್ಚಯವೊಂದು ಉಳಿದಿದ್ದು, ಎರಡು ರಾಜಧಾನಿಗಳ ನಡುವಿನ ಈ ನೆಲದಲ್ಲಿಯೂ ಸೂಫಿಗಳು ಮತ್ತು ಸರದಾರರು ನೆಲೆಸಿದ್ದರೆಂಬುದಕ್ಕೆ ಅದು ಗುರುತಾಗಿದೆ. ಆದರೆ ತೊಗರಿ, ಹೆಸರು, ಜೋಳ ಬೆಳೆಯುವ ಇಲ್ಲಿನ ಹಳ್ಳಿಗಳಿಗೆ ಇಸ್ಲಾಮಿನ ಆದಿಕಾಲದ ಕಥೆಯನ್ನು ತಲುಪಿಸಿದ್ದು ಗೋರಿಗಳಿಗಿಂತ ಹೆಚ್ಚಾಗಿ ಮೊಹರಂ.

ಹಿಜರಿ 61ರ ಮೊಹರಂ 10ರಂದು, ಅಂದರೆ 680ರ ಅಕ್ಟೋಬರಿನಲ್ಲಿ, ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಖಲೀಫ ಯಜೀದನ ಸೈನ್ಯದೆದುರು ತಮ್ಮ ಸಣ್ಣ ಬಳಗದೊಡನೆ, ಯುಫ್ರಟೀಸ್ ನದಿಯ ನೀರೂ ದೊರೆಯದಂತೆ ತಡೆಯಲ್ಪಟ್ಟು ಹತರಾದರು. ಆ ದುಃಖ ಕಲಬುರಗಿ ಸೀಮೆಯಲ್ಲಿ ಊರಿಗೆಲ್ಲ ಸೇರಿದ ಆಚರಣೆಯಾಗಿದ್ದು, ಮುಸಲ್ಮಾನರ ಮನೆಗಳೇ ಇಲ್ಲದ ಹಳ್ಳಿಗಳಲ್ಲಿಯೂ ನಡೆಯುತ್ತದೆ. ಅಲಾಯಿ ಕುಣಿಯನ್ನು ತೋಡಿ ಬೆಂಕಿ ಹಾಕುತ್ತಾರೆ. ಬಣ್ಣದ ಬಟ್ಟೆ ಸುತ್ತಿದ ಕೋಲುಗಳ ತುದಿಗೆ ಪಂಜಾ, ಅಂದರೆ ಅಂಗೈಯ ಆಕಾರದ ಲೋಹದ ತಗಡನ್ನು ಕೂಡಿಸುತ್ತಾರೆ. ಅದರ ಐದು ಬೆರಳುಗಳು ಪ್ರವಾದಿ, ಫಾತಿಮಾ, ಅಲಿ, ಹಸನ್, ಹುಸೇನ್ ಎಂಬ ಐವರನ್ನು ಸೂಚಿಸುತ್ತವೆ. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುತ್ತಾರೆ, ಮನೆಮನೆಯವರು ಬಂದು ಸಕ್ಕರೆ ಓದಿಸುತ್ತಾರೆ, ರಾತ್ರಿಯೆಲ್ಲ ಹೆಜ್ಜೆ ಹಾಕುತ್ತ ಕರ್ಬಲೆಯ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹುಸೇನರ ಕೊಲೆಯ ಹಿಂದಿನ ರಾತ್ರಿಗೆ ಅರಬ್ಬಿಯ ‘ಕತ್ಲ್’ (ಕೊಲೆ) ಎಂಬ ಪದದಿಂದ ಬಂದ ಹೆಸರು ಹಳ್ಳಿಗರ ಬಾಯಲ್ಲಿ ‘ಕತ್ತಲ ರಾತ್ರಿ’ ಆಗಿದೆ. ಇದನ್ನು ಅಪಭ್ರಂಶವೆಂದು ತಳ್ಳಿಹಾಕುವುದು ಸರಿಯಲ್ಲ. ಮಾತಿನ ಮೂಲ ಮರೆತುಹೋದರೂ ಆ ರಾತ್ರಿಯ ಶೋಕಕ್ಕೆ ಒಪ್ಪುವ ತನ್ನದೇ ಪದವನ್ನು ಕನ್ನಡ ಅಲ್ಲಿ ಇರಿಸಿತು.

ಈ ಆಚರಣೆಯೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. 2009ರಲ್ಲಿ ಮೊಹರಂ ಹತ್ತನೆಯ ದಿನ ಡಿಸೆಂಬರಿನ ಕೊನೆಗೆ, ತೊಗರಿಯ ರಾಶಿಯ ಹೊತ್ತಿಗೆ ಬಂದಿತ್ತು. 2025ರಲ್ಲಿ ಜುಲೈ ಮೊದಲ ವಾರ, ಬಿತ್ತನೆಯ ನಡುವೆ ಬಂತು. ಅಲಾಯಿ ಕುಣಿಗೆ ಒಂದು ತಲೆಮಾರು ಒಣಗಿದ ತೊಗರಿ ಕಟ್ಟಿಗೆಯನ್ನು ಹೊಲದಿಂದಲೇ ತಂದರೆ, ಮುಂದಿನ ತಲೆಮಾರು ಮಳೆಯಲ್ಲಿ ನೆನೆಯದಂತೆ ಮುಚ್ಚಿಟ್ಟ ಕಟ್ಟಿಗೆಯನ್ನು ಹೊರತೆಗೆಯಬೇಕಾಗುತ್ತದೆ.

ಹಬ್ಬಕ್ಕೆ ಸರಿಹೋದ ಈ ಚಲನೆ ಕಂದಾಯಕ್ಕೆ ಸರಿಹೋಗಲಿಲ್ಲ. ಫಸಲು ಸೂರ್ಯನನ್ನು ಅನುಸರಿಸುವಾಗ ವರ್ಷ ಚಂದ್ರನನ್ನು ಅನುಸರಿಸಿದರೆ, 33 ಬೆಳೆ ತೆಗೆದ ರೈತನು 34 ವರ್ಷದ ತೆರಿಗೆ ಕೊಡಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಲು ಮೊಗಲರು ಹಿಜರಿಯ ಸಂಖ್ಯೆಯನ್ನೇ ಇಟ್ಟುಕೊಂಡು ಮುಂದೆ ಸೌರಮಾನದಲ್ಲಿ ಎಣಿಸುವ ‘ಫಸಲಿ’ ಎಂಬ ವರ್ಷವನ್ನು ರೂಪಿಸಿದರು. ದಖನ್ನಿನಲ್ಲಿ ಅದು ಷಹಜಹಾನನ ಕಾಲದಲ್ಲಿ, 1636ರಲ್ಲಿ, ಹಿಜರಿ 1046ನ್ನು ಫಸಲಿ 1046 ಎಂದು ಹಿಡಿದು ಆರಂಭವಾದುದರಿಂದ, ಕ್ರಿಸ್ತಶಕದಿಂದ, ವರ್ಷದ ಯಾವ ಭಾಗ ಎಂಬುದನ್ನು ಅನುಸರಿಸಿ, 590 ಅಥವಾ 591ನ್ನು ಕಳೆದರೆ ಇಲ್ಲಿನ ಫಸಲಿ ವರ್ಷ ಸಿಗುತ್ತದೆ. ಕಲಬುರಗಿ, ಕಮಲಾಪುರಗಳನ್ನು ಒಳಗೊಂಡಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದ ಭೂದಾಖಲೆಗಳಲ್ಲಿ, ಹೆಚ್ಚಾಗಿ ಉರ್ದುವಿನಲ್ಲಿ ಬರೆದ ಆ ಹಳೆಯ ಕಾಗದಗಳಲ್ಲಿ, ಇರುವುದು ಈ ಎಣಿಕೆಯೇ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಮೇಲೂ ಆ ಲೆಕ್ಕ ಒಮ್ಮೆಗೇ ನಿಲ್ಲಲಿಲ್ಲ. ಸಾವಿರಾರು ಹಳ್ಳಿಗಳ ರೈತರನ್ನು ಜಹಗೀರುದಾರರ ಹಿಡಿತದಿಂದ ಬಿಡಿಸಿದ 1949ರ ಜಹಗೀರು ರದ್ದತಿ ಕಾನೂನಿನ ಹೆಸರಿನಲ್ಲಿ ನಮೂದಾಗಿರುವ ವರ್ಷ 1358 ಫಸಲಿ.